ಜೆಲಿಪಾಳಿಗೆ ಮರ್ಯಾದೆ ಕೊಟ್ಟ ವಾರ

ಲುವಾಂಗ್ವಾ ಹೊಳೆಯ ದಂಡೆಯಲ್ಲಿ ಜೆಲಿಪಾ ಜೆರೆಯ ಹೆಸರು ಕೇಳದವರಿಲ್ಲ. ಇದ್ದರೆ ಅವರು ನಿನ್ನೆ ಮೊನ್ನೆ ವಿಮಾನದಿಂದ ಇಳಿದವರಿರಬೇಕು, ಅವರ ಕಿವಿಗೂ ನಾಳೆ ಬೆಳಗಾಗುವುದರೊಳಗೆ ಬೀಳುತ್ತದೆ. ಅವಳು ಕಾಡಿನಲ್ಲಿ ಜನರನ್ನು ನಡೆಸಿಕೊಂಡು ಹೋಗುವ ಗೈಡ್. ಜೀಪಿನಲ್ಲಿ ಕೂತು ಸಿಂಹ ತೋರಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಕ್ಕೆ ಸ್ಟೇರಿಂಗ್ ತಿರುಗಿಸಲು ಬಂದರೆ ಸಾಕು. ಆನೆ, ಕಾಡೆಮ್ಮೆ ಓಡಾಡುವ ನೆಲದ ಮೇಲೆ ಎರಡು ಕಾಲಲ್ಲಿ ನಡೆದು, ಬೆನ್ನ ಹಿಂದೆ ಬರುವ ಪರವೂರಿನವರನ್ನು ಊಟದ ಹೊತ್ತಿಗೆ ಹೋದ ಹಾಗೆಯೇ ವಾಪಸು ತರುವುದಕ್ಕೆ ಬೇರೆಯೇ ಎದೆ ಬೇಕು. ಜೆಲಿಪಾಳಿಗೆ ಆ ಎದೆ ಇದೆ. ಬಾಯಿಯಂತೂ ಇದ್ದೇ ಇದೆ.

ಹುಟ್ಟಿದ್ದು ಹೊಳೆಯಾಚೆಯ ಊರಿನಲ್ಲಿ. ಅಪ್ಪನಿಗೆ ಒಂದಿಷ್ಟು ಮೆಕ್ಕೆಜೋಳದ ಹೊಲವಿತ್ತು. ತೆನೆ ಹಾಲುಗಟ್ಟಿದ ಕೂಡಲೇ ಆನೆಗಳು ಹೊಳೆ ದಾಟಿ ಬಂದು, ಮನೆಯವರೆಲ್ಲ ಡಬ್ಬ ಬಡಿಯುತ್ತ ಕೂಗುತ್ತಿದ್ದರೂ ಸಾವಕಾಶವಾಗಿ ತಿಂದು ಹೋಗುತ್ತಿದ್ದವು. ಆಗ ಅವಳ ಪಾಲಿಗೆ ಆನೆಯೆಂದರೆ ಕಳ್ಳ, ಅದೂ ನಾಚಿಕೆಯಿಲ್ಲದ ಕಳ್ಳ. ಅಂಥ ಹುಡುಗಿ ಪ್ರವಾಸಿಗರ ಕ್ಯಾಂಪಿಗೆ ಕೆಲಸಕ್ಕೆ ಸೇರಿದ್ದು ಚಹಾ ಹೊರುವವಳಾಗಿ. ನಡಿಗೆಯ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಅರಣ್ಯ ಇಲಾಖೆಯ ಬಂದೂಕಿನ ಕಾವಲುಗಾರ, ಅವನ ಹಿಂದೆ ಗೈಡ್, ಆಮೇಲೆ ಅತಿಥಿಗಳು, ಕಟ್ಟಕಡೆಗೆ ಕೆಟಲು, ಬಟ್ಟಲು, ಕೇಕು ತುಂಬಿದ ಬುಟ್ಟಿಯ ಜೊತೆ ಜೆಲಿಪಾ. ಅಲ್ಲಿಗೆ ಗೈಡಿನ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಗಾಳಿಗೆ ಹೋಗುತ್ತಿತ್ತು. ಗಾಳಿಗೆ ಹೋದದ್ದನ್ನು ಅವಳು ಚಹಾ ಬಗ್ಗಿಸುವಾಗ ಕೇಳಿ ತಿಳಿದುಕೊಳ್ಳುತ್ತಿದ್ದಳು. ಆನೆತೊರಡುಕಾಯಿ ಮರದ ಹೂವು ಬೀಳುವ ಜಾಗಕ್ಕೆ ಜಿಂಕೆ ಬರುತ್ತದೆ, ಜಿಂಕೆ ಬಂದಲ್ಲಿ ಕೊಂಬೆಯ ಮೇಲೆ ಚಿರತೆ ಇರುತ್ತದೆ. ಮುಸಾಂಗು ಎನ್ನುವ ಜಾಲಿ ಮಾತ್ರ ಲೋಕಕ್ಕೆಲ್ಲ ಉಲ್ಟಾ: ಮಳೆಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಎಲ್ಲ ಒಣಗಿ ಸಾಯುವ ಕಾಲಕ್ಕೆ ಹಸಿರುಟ್ಟು ಕಾಯಿ ಉದುರಿಸುತ್ತದೆ. ಹೀಗೆ ಕಲಿಯುತ್ತ ಕಲಿಯುತ್ತ ಆನೆಯ ಮೇಲಿದ್ದ ಹಳೇ ಸಿಟ್ಟು ಯಾವಾಗ ಕರಗಿತೋ ಅವಳಿಗೇ ತಿಳಿಯಲಿಲ್ಲ. ಗೈಡ್ ಪರೀಕ್ಷೆಗೆ ಕೂತಳು, ಹಕ್ಕಿಗಳ ವಿಷಯದಲ್ಲಿ ಡುಮ್ಕಿ ಹೊಡೆದಳು. ಅಡುಗೆಮನೆಯ ಹಿಂದೆ ಕೂತು ಮನಸಾರೆ ಅತ್ತು, ಮೂಗು ಒರೆಸಿಕೊಂಡು ಮತ್ತೆ ಓದಿ, ಮರುವರ್ಷ ಪಾಸಾದಳು. ಅದಕ್ಕೆ ಮುಂಚೆ ನಮ್ಮ ಕಡೆ ಹೆಂಗಸೊಬ್ಬಳು ಆ ಸಾಲನ್ನು ನಡೆಸಿಕೊಂಡು ಹೋದದ್ದನ್ನು ಯಾರೂ ನೋಡಿರಲಿಲ್ಲ.

ಗೈಡಾದ ಮೊದಲ ಬೆಳಿಗ್ಗೆ ಬಂದೂಕು ಹಿಡಿದು ಬಂದವನು ಕಸೊಂಡೆ. ಬಡಕಲು ಆಳು, ಉದ್ದ ಕಾಲು, ಉತ್ತರದ ಎತ್ತರದ ಸೀಮೆಯ ಬೆಂಬಾ ಕುಲದವನು. ಜೆಲಿಪಾ ಅಂಗೋನಿ ಕುಲದವಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಕ್ಯಾಂಪಿನವರಿಗೆಲ್ಲ ಕೇಳುವ ಹಾಗೆ ಹೇಳಿದ:

"ಕಾಲ ಕೆಟ್ಟೋಯ್ತು ಕಣ್ರಪ್ಪಾ. ಇಲಿ ತಿನ್ನೋಳು ಇವತ್ತು ಜನಕ್ಕೆ ಆನೆ ತೋರಿಸ್ತಾಳಂತೆ!"

"ತೋರಿಸ್ತೀನಿ ಬಾರಯ್ಯಾ," ಎಂದಳು ಜೆಲಿಪಾ. "ನೀನು ಮಾತ್ರ ಮರದ ಮೇಲೆ ಕಣ್ಣಿಟ್ಟು ನಡೀಬೇಡ. ಕೋತಿ ತಿನ್ನೋರ ಮನೆಯವನು ನೀನು, ಮಧ್ಯಾಹ್ನದ ಊಟ ಕೊಂಬೆ ಮೇಲೆ ಹಾರ್ತಾ ಇದೆ ಅಂತ ಬಾಯಿ ಬಿಟ್ಕೊಂಡು ಹೋಗಿ ನೀರಾನೆ ಗುಂಡಿಗೆ ಬಿದ್ದೀಯ!"

ಅಡುಗೆಯ ಫನ್ವೆಲ್ ಸೌಟು ಹಿಡಿದುಕೊಂಡೇ ಚಪ್ಪಾಳೆ ತಟ್ಟಿದ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ.

ಅಂಗೋನಿಗಳಿಗೂ ಬೆಂಬಾಗಳಿಗೂ ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ ಯುದ್ಧವಾಗಿತ್ತು. ರಾಜಿಯಾದ ಮೇಲೆ ಎರಡು ಕಡೆಯವರೂ ಈಟಿ ಒಳಗಿಟ್ಟು ನಾಲಗೆ ಹೊರಗಿಟ್ಟರು. ಆವತ್ತಿನಿಂದ ಇವರಿಬ್ಬರೂ ಗೇಲಿ ನೆಂಟರು. ಕಂಡಲ್ಲಿ ಹಂಗಿಸಬಹುದು, ತಟ್ಟೆಯಿಂದ ತುತ್ತು ಕಿತ್ತು ತಿನ್ನಬಹುದು, ಸಿಟ್ಟು ಮಾತ್ರ ಮಾಡಿಕೊಳ್ಳುವಂತಿಲ್ಲ. ಬೈಯದೆ ಹಾದುಹೋದರೆ ಅದು ಬೆನ್ನು ತೋರಿಸಿದ ಹಾಗೆ. ಸಾವಿನ ಮನೆಯಲ್ಲಿ ಗುಂಡಿ ತೋಡುವವರೂ ಗೇಲಿ ನೆಂಟರೇ.

ಜೆಲಿಪಾಳ ಅವ್ವ ತೀರಿಕೊಂಡಾಗ ಕಸೊಂಡೆ ಹಾರೆ ಹೆಗಲ ಮೇಲಿಟ್ಟುಕೊಂಡು ಬಂದ. ಜೆಲಿಪಾ ಆಗ ಕಲ್ಲಿನಂತೆ ಕೂತಿದ್ದಳು. ಅಳು ಇಲ್ಲ, ಊಟ ಇಲ್ಲ, ಮಾತಂತೂ ಇಲ್ಲವೇ ಇಲ್ಲ. ಅವಳ ಬಾಯಿ ನಿಂತದ್ದೇ ಊರಿನವರಿಗೆ ಹೆದರಿಕೆ ಹುಟ್ಟಿಸಿತ್ತು. ಗುಂಡಿ ತೋಡಿ ಮುಗಿಸಿದ ಕಸೊಂಡೆ ಮೇಲೆ ಬರಲಿಲ್ಲ. ಒಳಗೇ ಮೈಚಾಚಿ ಮಲಗಿ, ತಲೆಯ ಕೆಳಗೆ ಕೈಯಿಟ್ಟುಕೊಂಡು ಕೂಗಿದ: "ಅಬ್ಬಬ್ಬ, ಎಂಥಾ ತಂಪು! ಇಲಿ ತಿನ್ನೋ ಮುದುಕಿಗೆ ಇಷ್ಟು ಒಳ್ಳೇ ಮನೆ ಯಾಕ್ರಪ್ಪಾ? ನಾನು ಇಲ್ಲೇ ಇರ್ತೀನಿ. ಅವಳನ್ನ ಎಬ್ಬಿಸಿ ವಾಪಸ್ ಕರ್ಕೊಂಡ್ ಹೋಗಿ, ಸಂಜೆಗೆ ನ್ಶಿಮಾ ಮುದ್ದೆ ತಿರುವೋರು ಯಾರಿದ್ದಾರೆ ನಿಮ್ಮನೇಲಿ? ಈ ಮಗಳಾ? ಇವಳು ತಿರುವಿದ ಹಿಟ್ಟು ತಿಂದೇ ಮುದುಕಿ ಸತ್ತಿದ್ದು!" ಜೆಲಿಪಾಳ ಹೊಟ್ಟೆಯಿಂದ ನಗು ಒದ್ದುಕೊಂಡು ಬಂತು. ಅದರ ಬೆನ್ನಿಗೇ ಅಳು ಬಂತು, ಕಟ್ಟೆಯೊಡೆದ ಹಾಗೆ. ಹೆಂಗಸರು ಅವಳನ್ನು ತಬ್ಬಿ ಹಿಡಿದರು. ಕಸೊಂಡೆ ಮೇಲೆ ಹತ್ತಿ ಬಂದಾಗ ಅವನ ಮುಖವೂ ಒದ್ದೆಯಾಗಿತ್ತು, ಬೆವರು ಎಂದು ಒರೆಸಿಕೊಂಡ.

ಇಂಥವನನ್ನು ಅವಳಿಂದ ದೂರ ಮಾಡುವ ಮಾತು ಬಂದದ್ದು ಒಂದು ದೂರಿನಿಂದ.

ದೂರು ಕೊಟ್ಟವರು ಒಳ್ಳೆಯ ಜನವೇ. ಗಂಡ ಹೆಂಡತಿ, ಜೆಲಿಪಾಳ ಜೊತೆ ದಿನವೂ ನಡೆದವರು, ಅವಳನ್ನು ಮೆಚ್ಚಿಕೊಂಡವರು. ಹೊರಡುವ ದಿನ ವಿಮಾನದ ಹತ್ತಿರ ಬಿಡಲು ಹೋದ ಡ್ರೈವರನ್ನು, ಮುಂದೆ ನಡೆಯುವವನೂ ಗೈಡೂ ಅಷ್ಟೊಂದು ಮಾತಾಡಿಕೊಳ್ಳುತ್ತಿದ್ದರಲ್ಲ, ಏನದು ಎಂದು ಕೇಳಿದರಂತೆ. ಆ ಪುಣ್ಯಾತ್ಮ ಒಂದೂ ಬಿಡದೆ ಬಣ್ಣ ಹಚ್ಚಿ ಹೇಳಿದ. ಅವರು ನಗಲಿಲ್ಲ. ಊರಿಗೆ ಹೋಗಿ ಕ್ಯಾಂಪಿನ ಮಾಲೀಕರಿಗೆ ತಿಳಿಸಿದರು: ಬಂದೂಕು ಹಿಡಿದ ಗಂಡಸೊಬ್ಬ ಆ ಹೆಣ್ಣುಮಗಳ ಕುಲ ಎತ್ತಿ ದಿನಾ ಹೀಯಾಳಿಸುತ್ತಾನೆ, ಪಾಪ, ಅವಳು ನಕ್ಕು ನುಂಗಿಕೊಳ್ಳುತ್ತಾಳೆ. ಮಾಲೀಕರು ಮ್ಯಾನೇಜರ್ ಬ್ರಿಟಾಳಿಗೆ ಹೇಳಿದರು. ಬ್ರಿಟಾ ಆ ವರ್ಷವಷ್ಟೇ, ನೆರೆ ಇಳಿದು ಹುಲ್ಲಿನ ಗುಡಿಸಲುಗಳನ್ನು ಹೊಸದಾಗಿ ಕಟ್ಟುವ ಹೊತ್ತಿಗೆ, ಎಲ್ಲೋ ಚಳಿ ದೇಶದಿಂದ ಬಂದಿದ್ದವಳು. ಕೆಟ್ಟವಳಲ್ಲ. ಕೆಲಸದವರ ಪರವಾಗಿ ಮಾಲೀಕರ ಹತ್ತಿರ ಜಗಳವಾಡುವಷ್ಟು ಒಳ್ಳೆಯವಳು. ಅವಳು ಜೆಲಿಪಾಳನ್ನು ಕರೆದು ಕೂರಿಸಿಕೊಂಡಳು.

"ಅವರು ನಿಮ್ಮನ್ನ ಇಲಿ ತಿನ್ನೋಳು ಅಂತಾರಂತೆ. ನಿಜವಾ?"

"ನಿಜ. ತಿಂತೀನಿ ಕೂಡ. ಬೇಯಿಸಿ, ಉಪ್ಪು ಹಾಕಿ, ಒಣಗಿಸಿ..."

"ನಗಬೇಡಿ ಜೆಲಿಪಾ."

"ಅವನು ನನ್ನ ಗೇಲಿ ನೆಂಟ ಕಣಮ್ಮಾ. ನಾನೇನು ಕಮ್ಮಿ ಬೈತೀನಾ?"

"ಅವರ ಕೈಲಿ ಬಂದೂಕಿದೆ, ನಿಮ್ಮ ಕೈಲಿಲ್ಲ," ಎಂದಳು ಬ್ರಿಟಾ. "ನಿಮಗೆ ಅಭ್ಯಾಸ ಆಗಿಹೋಗಿದೆ. ಅದೇ ನನಗೆ ಹೆಚ್ಚು ಸಂಕಟ."

ಜೆಲಿಪಾ ಗೇಲಿ ನೆಂಟಸ್ತಿಕೆ ಏನೆಂದು ಬಿಡಿಸಿ ಹೇಳಲು ಹೊರಟಳು. ಹೇಗೆ ಹೇಳಬೇಕು? ಉಸಿರಾಡುವುದು ಯಾಕೆ ಎಂದು ಕೇಳಿದ ಹಾಗಾಯಿತು. ಕೊನೆಗೆ ಬ್ರಿಟಾ ತೀರ್ಮಾನ ಹೇಳಿದಳು: ಇನ್ನು ಮೇಲೆ ಅತಿಥಿಗಳ ಮುಂದೆ ಒಂದೇ ಒಂದು ಬೈಗುಳ ಕಿವಿಗೆ ಬಿದ್ದರೂ ಕಸೊಂಡೆಯನ್ನು ಬದಲಾಯಿಸಿ ಎಂದು ಇಲಾಖೆಗೆ ಹೇಳಬೇಕಾಗುತ್ತದೆ. ಅವನಿಗೆ ದೊಡ್ಡ ಗೇಟಿನಲ್ಲಿ ಕೆಲಸ ಕೊಡುತ್ತಾರೆ, ಪೇಟೆಯ ದಾರಿಯ ಗೇಟು. ವಾಹನ ಬಂದರೆ ಅಡ್ಡಮರ ಎತ್ತುವುದು, ಹೋದ ಮೇಲೆ ಇಳಿಸುವುದು.

ಕಾಡಿನಲ್ಲೇ ಕೂದಲು ಬೆಳ್ಳಗಾದ ಮನುಷ್ಯ ಗೇಟಿನ ಕುರ್ಚಿಯಲ್ಲಿ ಕೂತಿರುವುದನ್ನು ಜೆಲಿಪಾಳಿಗೆ ನೆನೆಯಲೂ ಆಗಲಿಲ್ಲ. ಜೊತೆಗೆ ತನ್ನದೇ ಭಯವೂ ಇತ್ತು. ದಿನಾ ಬೆಳಿಗ್ಗೆ ಅವಳ ಕಣ್ಣ ಮುಂದೆ ಇರುತ್ತಿದ್ದದ್ದು ಅವನ ಬೆನ್ನು. ಆ ಬೆನ್ನು ಬಿಗಿಯಾದರೆ ಏನು, ಬಾಗಿದರೆ ಏನು, ಎಲ್ಲ ಅವಳಿಗೆ ಗೊತ್ತು. ಅದರ ಜಾಗಕ್ಕೆ ಇನ್ಯಾರದೋ ಬೆನ್ನು ಬಂದರೆ ಅವಳು ಯಾವ ಧೈರ್ಯದ ಮೇಲೆ ಜನರನ್ನು ಕಟ್ಟಿಕೊಂಡು ಹುಲ್ಲಿನೊಳಗೆ ನುಗ್ಗಬೇಕು? ಕಸೊಂಡೆಯ ಹತ್ತಿರ ಹೋಗಿ ವಿಷಯ ಹೇಳಿದಳು. ಅವನು ಬಂದೂಕಿನ ನಳಿಗೆ ಒರೆಸುತ್ತ ಕೇಳಿಸಿಕೊಂಡ.

"ಮರ್ಯಾದೆ ಕೊಡ್ಬೇಕಾ? ನಿಂಗಾ?" ಎಂದ. "ಎಲ್ಲಿಂದ ತರ್ಲಿ?"

"ಸಾಲ ತಗೊಂಡು ಬಾ. ಅಷ್ಟು ದಿನ ತಡ್ಕೋ ಮಾರಾಯ, ಈ ಮಳೆ ಬಿದ್ದು ಕ್ಯಾಂಪು ಮುಚ್ಚೋ ತನಕ."

ಮರುದಿನ ಬೆಳಿಗ್ಗೆ ಬೆಂಕಿಯ ಸುತ್ತ ಅತಿಥಿಗಳು ಗಂಜಿ ಕುಡಿಯುತ್ತಿದ್ದಾಗ ಕಸೊಂಡೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಬಂದು ನಿಂತ. "ಅಮ್ಮಾವ್ರೇ, ರಾತ್ರಿ ತಮಗೆ ಸುಖವಾಗಿ ನಿದ್ದೆ ಬಂತಾ?" ಜೆಲಿಪಾ ಮೊಣಕಾಲು ಬಗ್ಗಿಸಿ ಮೆಲ್ಲಗೆ ಕೈತಟ್ಟಿ ನಮಸ್ಕರಿಸಿದಳು. "ತಮ್ಮ ಆಶೀರ್ವಾದ ಸ್ವಾಮೀ. ತಮ್ಮ ಪಾದಕ್ಕೆ ಮುಳ್ಳು ಗಿಳ್ಳು ಚುಚ್ಚಲಿಲ್ಲ ತಾನೇ?" ಫನ್ವೆಲ್ ರೊಟ್ಟಿಯ ತಟ್ಟೆ ಅಲ್ಲೇ ಬಿಟ್ಟು ನಗಲು ಗುಡಿಸಲಿನ ಹಿಂದೆ ಓಡಿದ. ದೂರದಿಂದ ನೋಡಿದ ಬ್ರಿಟಾಳಿಗೆ ಸಮಾಧಾನವಾಯಿತು.

ಆ ವಾರವೆಲ್ಲ ಇದೇ ಆಟ. ಯಾರು ಹೆಚ್ಚು ಮರ್ಯಾದೆ ಕೊಡುತ್ತಾರೆ ಎಂದು ಇಬ್ಬರಿಗೂ ಪೈಪೋಟಿ. ಅಮ್ಮಾವ್ರೇ ಇಲ್ಲಿ ಹಳ್ಳ ಇದೆ, ಸ್ವಾಮೀ ತಾವು ಮೊದಲು ದಾಟಬೇಕು, ಅಯ್ಯೋ ಎಲ್ಲಾದರೂ ಉಂಟೇ ಅಮ್ಮಾವ್ರೇ! ಅವರ ಬಾಯಲ್ಲಿ ಮರ್ಯಾದೆಯೇ ಬೈಗುಳಕ್ಕಿಂತ ದೊಡ್ಡ ಗೇಲಿಯಾಗಿ ಕೂತಿತು. ಆದರೆ ಮರಳು ದಂಡೆಯ ಮೇಲೆ ಉದ್ದಕ್ಕೆ ನಡೆಯುವಾಗ, ಮುಂಚೆ ಮಾತು ಹರಿಯುತ್ತಿದ್ದ ಕಡೆ ಈಗ ಏನೂ ಇರುತ್ತಿರಲಿಲ್ಲ. ಕಸೊಂಡೆ ಆಗಾಗ ಹಿಂತಿರುಗಿ ನೋಡುತ್ತಿದ್ದ. ಏನು ಎಂದು ಅವಳು ಹುಬ್ಬೆತ್ತಿದರೆ ಏನಿಲ್ಲ ಎಂದು ಮುಂದೆ ಹೋಗುತ್ತಿದ್ದ. ಅವಳಿಗೆ ಸಂಜೆ ಹೊತ್ತಿಗೆ ಕಾರಣವಿಲ್ಲದೆ ಸುಸ್ತಾಗುತ್ತಿತ್ತು.

ಮಳೆ ಬರುವ ಮುಂಚಿನ ಉರಿ ದಿನಗಳು. ಹೊಳೆ ಸಣ್ಣಗಾಗಿ, ನೀರಾನೆಗಳು ಉಳಿದ ಮಡುವಿನಲ್ಲಿ ಒಂದರ ಮೇಲೊಂದು ಮಲಗಿದ್ದವು. ದಂಡೆಯ ಗೋಡೆಯ ತುಂಬ ತೂತು ಕೊರೆದು ಕೆಂಪು ಕಳ್ಳಿಪೀರಗಳು ಗೂಡು ಮಾಡಿದ್ದವು. ಆವತ್ತು ಜೆಲಿಪಾಳ ಹಿಂದೆ ನಾಲ್ಕು ಮಂದಿ ಅತಿಥಿಗಳು. ಹಕ್ಕಿ ತೋರಿಸಿ, ಮುಸಾಂಗು ತೋಪಿನ ನೆರಳಿಗೆ ಬಂದಳು. ನೆಲದ ಮೇಲೆ ಕಾಯಿಗಳು ಒಣಗಿದ ಸೇಬಿನ ಸಿಪ್ಪೆಯ ಹಾಗೆ ಸುರುಟಿಕೊಂಡು ಬಿದ್ದಿದ್ದವು. ಆನೆಗಳ ಹೆಜ್ಜೆ ಇತ್ತು. ಅವು ಹೊಳೆಯ ಕಡೆಗೆ ಇಳಿದದ್ದು ಕಂಡು, ದಾಟಿ ಹೋಗಿವೆ ಎಂದುಕೊಂಡಳು. ಒಂದು ಕಾಯಿ ಎತ್ತಿಕೊಂಡು, ಈ ಮರದ ಉಲ್ಟಾ ಬುದ್ಧಿಯ ಕಥೆ ಶುರುಮಾಡಿದಳು. ಅವಳ ಬೆನ್ನ ಹಿಂದೆ ದಟ್ಟ ಪೊದೆ.

ಕಸೊಂಡೆ ಸ್ವಲ್ಪ ಮುಂದೆ ನಿಂತಿದ್ದ. ಪೊದೆಯ ಸಂದಿಯಲ್ಲಿ ಅವನಿಗೆ ಮೊದಲು ಆನೆಮರಿಯ ಕಾಲು ಕಂಡಿತು, ಆಮೇಲೆ ತಾಯಿಯ ಹೊಟ್ಟೆ. ಗಾಳಿ ಆನೆಯ ಕಡೆಗೆ ತಿರುಗುತ್ತಿತ್ತು. ಅವನು ದನಿ ತಗ್ಗಿಸಿ ಹೇಳಿದ:

"ಅಮ್ಮಾವ್ರೇ, ದಯವಿಟ್ಟು ಅಲ್ಲಿಂದ ಈ ಕಡೆ ಬನ್ನಿ."

ಜೆಲಿಪಾ ಕಾಯಿ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದಳು. "ಅಪ್ಪಣೆ ಸ್ವಾಮೀ. ಕಥೆ ಮುಗಿಸೋಕೆ ಸೇವಕಿಗೆ ಒಂಚೂರು ಅವಕಾಶ ಕೊಡಿ." ಅತಿಥಿಗಳು ಮಾತು ತಿಳಿಯದಿದ್ದರೂ ಅವಳ ಮುಖ ನೋಡಿ ನಕ್ಕರು.

"ಅಮ್ಮಾವ್ರೇ, ಬೇಡಿಕೊಳ್ತೀನಿ."

"ಅಯ್ಯಯ್ಯೋ, ತಾವು ಬೇಡೋದಾ?" ಎಂದು ಅವಳು ಇನ್ನೂ ಒಂದು ಹೆಜ್ಜೆ ಪೊದೆಯ ಕಡೆಗೇ ಹಿಂದೆ ಸರಿದು, ದಾರಿ ಬಿಡುವವಳ ಹಾಗೆ ಕೈ ಚಾಚಿದಳು.

ಹಿಂದೆ ಕೊಂಬೆಯೊಂದು ಲಟಕ್ಕೆಂದಿತು.

"ಇಲಿ ತಿನ್ನೋಳೇ! ಬಿಲ ಸೇರ್ಕೊಳ್ಳೇ, ಮುಂಡೇದೇ!"

ಆ ಮಾತು ಮುಗಿಯುವ ಮೊದಲೇ ಜೆಲಿಪಾಳ ಮೈ ತನ್ನ ಕೆಲಸ ಮಾಡಿತ್ತು. ಏನು, ಎತ್ತ ಎಂದು ತಿರುಗಿ ನೋಡಲಿಲ್ಲ. ಎರಡೂ ಕೈ ಅಗಲಿಸಿ ನಾಲ್ವರನ್ನೂ ದಬ್ಬಿಕೊಂಡು ಪಕ್ಕದ ದೊಡ್ಡ ಹುತ್ತದ ಹಿಂದಕ್ಕೆ ಬಿದ್ದಳು. ಎದ್ದು ಅವರಿಗೆ ಅಡ್ಡಲಾಗಿ ನಿಂತು "ಅಲ್ಲಾಡಬೇಡಿ, ಓಡಬೇಡಿ" ಎಂದಳು. ಅವಳು ನಿಂತಿದ್ದ ಜಾಗದ ಮೇಲೆ ತಾಯಿ ಆನೆ ಕಿವಿ ಮಡಚಿ, ಸೊಂಡಿಲು ಸುತ್ತಿಕೊಂಡು ಹಾದುಬಂತು. ಕಸೊಂಡೆ ಓಡಿಬಂದು ಆನೆಗೂ ಹುತ್ತಕ್ಕೂ ನಡುವೆ ನಿಂತ. ಬಂದೂಕು ಎತ್ತಿದ, ಆದರೆ ಕುದುರೆ ಒತ್ತಲಿಲ್ಲ. "ನಿಲ್ಲೇ ತಾಯೀ! ನಿನ್ನ ಮರಿ ಅಲ್ಲಿದೆ, ಇಲ್ಲಿಲ್ಲ! ನಿಲ್ಲು!" ಎಂದು ಕಿರುಚಿದ. ಆನೆ ನಿಂತಿತು. ಅದು ಒದ್ದ ಮಣ್ಣು ಅವನ ಮುಖಕ್ಕೆಲ್ಲ ಹಾರಿತು. ತಲೆ ಕೊಡವಿ, ಒಮ್ಮೆ ಘೀಳಿಟ್ಟು, ಅಡ್ಡಡ್ಡ ಹೆಜ್ಜೆ ಹಾಕುತ್ತ ಹಿಂದೆ ಹೋಗಿ ಮರಿಯನ್ನು ಕರೆದುಕೊಂಡು ಹೊಳೆಗಿಳಿಯಿತು.

ಯಾರಿಗೂ ಏನೂ ಆಗಲಿಲ್ಲ. ಕಸೊಂಡೆ ಬಂದೂಕು ಇಳಿಸಿ, ಜೆಲಿಪಾ ನಿಂತಿದ್ದ ಜಾಗದಲ್ಲಿ ಮೂಡಿದ್ದ ಆನೆಯ ಹೆಜ್ಜೆಯ ಪಕ್ಕ ಕುಕ್ಕರಿಸಿದ. ಆಗಲೇ ಅವಳಿಗೆ ತಾನು ಮಾಡಿದ್ದು ಪೂರ್ತಿ ಅರ್ಥವಾದದ್ದು. ಅವನು ನಿಜವಾಗಿಯೂ ಬೇಡಿಕೊಂಡಿದ್ದ. ಅವಳು ಅದನ್ನು ಆಟ ಎಂದುಕೊಂಡಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಅತಿಥಿಗಳಿಗೆ, ನೋಡಿದಿರಾ ಹೇಗೆ ಕಾಪಾಡಿದೆವು ಎಂದು ಮೀಸೆ ತಿರುವುತ್ತಿದ್ದರು. ಹಾಗೆ ಮಾಡುವವರನ್ನು ನಾನು ನೋಡಿದ್ದೇನೆ, ಹೆಸರು ಬೇಕಾದರೆ ಹೇಳುತ್ತೇನೆ. ಜೆಲಿಪಾ ಅವರ ಮೈಮೇಲಿನ ಮಣ್ಣು ಒರೆಸಿ, ನೀರು ಕುಡಿಸಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ತಪ್ಪು ನನ್ನದು. ಆನೆ ಹೊಳೆ ದಾಟಿದೆ ಅಂದ್ಕೊಂಡೆ, ನೋಡ್ಲಿಲ್ಲ. ಇವನು ಎರಡು ಸಲ ಎಚ್ಚರಿಸಿದ, ಕೇಳ್ಲಿಲ್ಲ. ನಿಮ್ಮ ಜೀವ ಉಳಿಸಿದ್ದು ಇವನು." ಕ್ಯಾಂಪಿಗೆ ಬಂದ ಮೇಲೆ ಮುಖವನ್ನೂ ತೊಳೆಯದೆ ನೇರ ಬ್ರಿಟಾಳ ಹತ್ತಿರ ಹೋಗಿ ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳಿದಳು. ಅದನ್ನು ನೆನೆದಾಗೆಲ್ಲ ನನಗೆ ಅವಳ ಮೇಲೆ ಗೌರವ ಉಕ್ಕಿ ಬರುತ್ತದೆ.

"ಅವನು ಅತಿಥಿಗಳ ಮುಂದೆ ಬೈದ, ಹೌದು," ಎಂದಳು. "ಬೈದಿದ್ದಕ್ಕೆ ನಾನು ಬದುಕಿದೀನಿ. ಯಾರನ್ನಾದ್ರೂ ಗೇಟಿಗೆ ಹಾಕ್ಬೇಕು ಅಂದ್ರೆ ನನ್ನ ಹಾಕಿ."

ಬ್ರಿಟಾಳ ಮುಖದ ಬಣ್ಣವೇ ಇಳಿದುಹೋಗಿತ್ತು. ಕಸೊಂಡೆಯನ್ನು ಕರೆಸಿದಳು. ಅವನು ಬಂದು ಬಾಗಿಲ ಹತ್ತಿರ ನಿಂತ. ಮಣ್ಣು ಇನ್ನೂ ಕಿವಿಯ ಹಿಂದೆ ಅಂಟಿಕೊಂಡಿತ್ತು.

"ನೀವು ಏನು ಹೇಳ್ತೀರಿ?" ಎಂದು ಬ್ರಿಟಾ ಕೇಳಿದಳು.

ಕಸೊಂಡೆಗೆ ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ, ಆದರೆ ಇಂಥ ಮಾತಿಗೆ ಅದು ಸಾಲದು. ಅವನು ಜೆಲಿಪಾಳ ಮುಖ ನೋಡದೆ, ನಮ್ಮ ಮಾತಿನಲ್ಲೇ ಶುರುಮಾಡಿದ.

"ಮೇಡಮ್‌ಗೆ ಹೇಳು. ನಾನು ಎಷ್ಟೋ ಗೈಡುಗಳ ಮುಂದೆ ನಡೆದಿದೀನಿ. ಪ್ರಾಣಿ ಕಂಡ್ರೆ ಅವರೆಲ್ಲ ನನ್ನ ಬಂದೂಕು ನೋಡ್ತಿದ್ರು. ಇವಳು ಪ್ರಾಣಿ ಮುಖ ನೋಡ್ತಾಳೆ. ಅದಕ್ಕೇ ಇಷ್ಟು ವರ್ಷದಲ್ಲಿ ಈ ಬಂದೂಕಿಂದ ಒಂದು ಆನೇನೂ ಸತ್ತಿಲ್ಲ, ಇವಳ ಹಿಂದೆ ಬಂದ ಒಬ್ಬರಿಗೂ ಗಾಯ ಆಗಿಲ್ಲ. ಇವಳು ಬೆನ್ನ ಹಿಂದೆ ಇದಾಳೆ ಅಂದ್ರೆ ನಾನು ತಿರುಗಿ ನೋಡ್ತಿರ್ಲಿಲ್ಲ. ಬಾಯಿ ಕೇಳಿಸ್ತಿತ್ತಲ್ಲ, ಸಾಕಿತ್ತು. ಈ ವಾರ ತಿರುಗಿ ತಿರುಗಿ ನೋಡ್ದೆ. ಒಬ್ಬನೇ ನಡೀತಾ ಇದೀನೇನೋ ಅನ್ನಿಸ್ತು. ಇವತ್ತು ಇವಳು ಹೋಗಿಬಿಟ್ಟಿದ್ರೆ ನಾನು ಈ ಬಂದೂಕನ್ನ ಹೊಳೆಗೆ ಎಸೀತಿದ್ದೆ." ಅವನು ಟೋಪಿಯನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡ. "ನನ್ನ ಗೇಟಿಗೆ ಕಳಿಸಿ, ಹೋಗ್ತೀನಿ. ಆದ್ರೆ ಇವಳ ಮುಂದೆ ನಡೆಯೋಕೆ ಬರೋನು ಚೆನ್ನಾಗಿ ಬೈಯೋಕೆ ಬರೋನೇ ಆಗಿರ್ಲಿ. ಇವಳಂಥ ಗೈಡು ಈ ಹೊಳೆಗೆ ಇನ್ನೊಬ್ಬಳು ಸಿಗಲ್ಲ."

ಮಾತು ಮುಗಿಯಿತು. ಅದನ್ನು ಅನುವಾದ ಮಾಡಬೇಕಾದವಳು ಜೆಲಿಪಾ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಇಂಥ ಮಾತು ಅವಳು ಕೇಳಿರಲೇ ಇಲ್ಲ. ಕಸೊಂಡೆ ಹುಲ್ಲಿನ ಮಾಡಿನಲ್ಲಿ ಏನೋ ಇದೆಯೆಂಬಂತೆ ಮೇಲೆ ನೋಡುತ್ತಿದ್ದ.

"ಏನಂದ್ರು?" ಎಂದಳು ಬ್ರಿಟಾ.

"ಬೈದ."

"ಇಷ್ಟು ಹೊತ್ತೂ ಬೈದ್ರಾ?"

"ಹೂಂ," ಎಂದಳು ಜೆಲಿಪಾ, ಕೆನ್ನೆಯ ಮೇಲಿನ ನೀರನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತ. "ಇಷ್ಟು ಕೆಟ್ಟದಾಗಿ ಯಾವತ್ತೂ ಬೈದಿರ್ಲಿಲ್ಲ."

ಬ್ರಿಟಾ ಇಬ್ಬರನ್ನೂ ಒಮ್ಮೆ ನೋಡಿದಳು. ಆ ನೋಟ ಹೊಸತಾಗಿತ್ತು. "ಸರಿ," ಎಂದಳು. "ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಡಿ. ದಾರಿ ಉದ್ದಕ್ಕೂ ಬೈಯ್ಲಿ. ಮಾಲೀಕರಿಗೆ ನಾನು ಹೇಳ್ಕೋತೀನಿ."